ದೋಣಿ ಕೌದಿಯ ಎಡಭಾಗ

ಫೆಬ್ರವರಿ 4

ಎಡಚಿಗೆ,

ಮೂರನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಬಂದವಳ ಕೈಗೆ ಅರವತ್ತಾರನೇ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀಯ. ಇದು ನಿನಗೆ ಸರಿ ಕಾಣುತ್ತದೆಯೇ, ನೀನೇ ಹೇಳು. ಫೋನ್ ಮಾಡಿದರೆ ನಿನ್ನ ಮಗಳು ಎತ್ತುತ್ತಾಳೆ. "ಅಮ್ಮ ಮಾತಾಡಲ್ವಂತೆ ದೊಡ್ಡಮ್ಮ. ಕಾಗದ ಬರೆದ್ರೆ ಓದ್ತಾಳಂತೆ" ಅನ್ನುತ್ತಾಳೆ. ಹಿಂದಿನಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿರುತ್ತದೆ. ತೊಳೆಯುತ್ತಿರುವವಳು ನೀನೇ. ಲೋಟಕ್ಕೆ ಲೋಟ ಕುಟ್ಟುವುದರಲ್ಲೇ ಗೊತ್ತಾಗುತ್ತದೆ. ನಾಲ್ಕು ಹೆಜ್ಜೆ ಬಂದು ಫೋನ್ ಹಿಡಿಯಲಾರದವಳಿಗೆ ನಾನು ಕಾಗದ ಬರೆಯಬೇಕು. ಇಷ್ಟು ಬರೆಯುವ ಹೊತ್ತಿಗೆ ಎರಡು ದಿಂಬಿನ ಚೀಲ ಹೊಲಿದು ಮುಗಿಸುತ್ತಿದ್ದೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು. ನಾನು ಶಾಲೆ ಬಿಟ್ಟು ಸೂಜಿ ಹಿಡಿದಿದ್ದಕ್ಕೇ ನೀನು ಏಳರವರೆಗೆ ಓದಿದ್ದು.

ನಿನ್ನನ್ನು ಕರೆಯುವುದಕ್ಕೆ ಬರೆಯುತ್ತಿಲ್ಲ. ಮಿಷನ್ ಬಂದಿದೆ ಅಂತ ತಿಳಿಸುವುದಕ್ಕೆ ಬರೆಯುತ್ತಿದ್ದೇನೆ. ಉದ್ದ ತೋಳಿನ ಕೌದಿ ಮಿಷನ್ ಅಂತ ಅದರ ಹೆಸರು. ತೋಳೇನು ಬಂತು, ಆನೆಯ ಸೊಂಡಿಲು. ಅದರ ಚೌಕಟ್ಟು ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ಮುಟ್ಟುತ್ತದೆ. ನಮ್ಮ ಹಳೆಯ ಮರದ ಚೌಕಟ್ಟನ್ನು ಬಿಚ್ಚಿ ಅಟ್ಟಕ್ಕೆ ಹಾಕಿಸಿದೆ. ಬೆಂಚನ್ನು ಮಾತ್ರ ಕಿಟಕಿಯ ಕೆಳಗೇ ಇಟ್ಟಿದ್ದೇನೆ. ಅದರ ಬಲತುದಿಯಲ್ಲಿ ನಾನು ಕೂರುತ್ತೇನೆ. ನಿನ್ನ ಎಡತುದಿಯಲ್ಲಿ ಬಟ್ಟೆಯ ಗಂಟು ಇಟ್ಟಿದ್ದೇನೆ. ಗಂಟು ಇಳಿಸಿದಾಗೆಲ್ಲ ಬೆಂಚು ನನ್ನ ಕಡೆ ವಾಲುತ್ತದೆ. ಅದರ ಕಾಲಿಗೆ ಒಂದು ರಟ್ಟು ತುರುಕಬೇಕು.

ಮಿಷನ್ ಯಾಕೆ ತಂದೆ ಅಂತ ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಟೀಚರಮ್ಮ ಮೊಮ್ಮಗಳಿಗೆ ಅಂತ ಹೊಲಿಸಿದ, ಸಾಲಾಗಿ ಬಟ್ಟೆಯ ದೋಣಿಗಳಿದ್ದ ಆ ದೋಣಿ ಕೌದಿಯನ್ನು ವಾಪಸು ತಂದು ಮೇಜಿನ ಮೇಲೆ ಹಾಸಿದ್ದು ನೀನು ನೋಡಿದೆ. ಅರ್ಧ ಕೌದಿಯ ಹೊಲಿಗೆ ಚೆನ್ನಾಗಿತ್ತು. ಇನ್ನರ್ಧದಲ್ಲಿ ಗೇಣಿಗೊಂದು ಸಲ ಗೆರೆ ಮೇಲಕ್ಕೆ ಹಾರಿ ಕೆಳಗಿಳಿದಿತ್ತು, ಬಿಕ್ಕಳಿಕೆ ಬಂದವರ ಮಾತಿನ ಹಾಗೆ. ಕೆಟ್ಟಿದ್ದು ಎಡಭಾಗ. ಮೂವತ್ತು ವರ್ಷದಿಂದ ಬೆಂಚಿನ ಎಡಕ್ಕೆ ನೀನು, ಬಲಕ್ಕೆ ನಾನು. ನೀನು ಎಡ ಅಂಚಿನಿಂದ ಹೊಲಿಯುತ್ತ ಬರುತ್ತೀಯ, ನಾನು ಬಲ ಅಂಚಿನಿಂದ ಬರುತ್ತೇನೆ, ನಡುವೆ ಸೇರುತ್ತೇವೆ. ಎಡಭಾಗ ಕೆಟ್ಟರೆ ಯಾರನ್ನು ಕೇಳಲಿ, ಗೋಡೆಯನ್ನೇ? "ನಿನ್ನ ಎಡಗೈಗೆ ಏನು ರೋಗ ಬಂತೇ" ಅಂದೆ. ಗಿರಾಕಿಯ ಎದುರಿಗೆ ಅನ್ನಬಾರದಿತ್ತು ಅಂತ ಆಮೇಲೆ ಅನ್ನಿಸಿತು. ಅನ್ನಿಸುವುದರೊಳಗೆ ನೀನು ಕತ್ತರಿಯನ್ನು ಡಬ್ಬಿಗೆ ಹಾಕಿ ಮಗಳ ಊರಿಗೆ ಮಧ್ಯಾಹ್ನದ ಬಸ್ಸು ಹತ್ತಿದ್ದೆ. ಒಂದು ಮಾತೂ ಆಡಲಿಲ್ಲ. ತಪ್ಪು ಮಾಡದವರು ಹಾಗೆ ಸುಮ್ಮನಿರುತ್ತಾರೆಯೇ?

ಯಾರ ಕೈಯ ಹಂಗೂ ಬೇಡ ಅಂತ ಮಿಷನ್ ತಂದೆ. ಉದ್ದನೆ ಸ್ಕೇಲು ಸಿಗುತ್ತಿಲ್ಲ. ಎಲ್ಲಿಟ್ಟಿದ್ದೀಯ ಅಂತ ಬರೆ.

ಅಕ್ಕ


ಫೆಬ್ರವರಿ 19

ಎಡಚಿಗೆ,

ಉತ್ತರ ಇಲ್ಲ. ಸ್ಕೇಲೂ ಇಲ್ಲ. ಇರಲಿ, ಅಡಿಬಟ್ಟೆಯನ್ನು ಗೇಣು ಹಾಕಿ ಅಳೆದು ಕತ್ತರಿಸಿದೆ. ಅದು ಮೊದಲನೇ ದಂಡ.

ಮಿಷನ್ ಜೋಡಿಸಲು ಬಂದ ಮಿಸ್ತ್ರಿ ಒಂದೇ ದಿನದಲ್ಲಿ ಎಲ್ಲ ಹೇಳಿ ಓಡಿದ. ಅವನು ಹೇಳಿದ್ದು ಇಷ್ಟು: ಮೂರು ಕೋಲು ಇವೆ. ಒಂದಕ್ಕೆ ಅಡಿಬಟ್ಟೆ, ಒಂದಕ್ಕೆ ಮೇಲ್ಬಟ್ಟೆ, ನಡುವೆ ಹತ್ತಿಯ ಪದರ. ಹೊಲಿದು ಮುಗಿದದ್ದು ಮೂರನೇ ಕೋಲಿಗೆ ಸುತ್ತಿಕೊಳ್ಳುತ್ತದೆ. ಬಟ್ಟೆ ನಿಂತಲ್ಲೇ ನಿಂತಿರುತ್ತದೆ, ಮಿಷನ್ನೇ ಹಳಿಯ ಮೇಲೆ ಓಡಾಡುತ್ತದೆ. ಎರಡು ಹಿಡಿ ಹಿಡಿದು ನಾವು ನಡೆಸಬೇಕು. ಇಷ್ಟು ವರ್ಷ ಕಾಲುಮಿಷನ್ನಿನಲ್ಲಿ ದಿಂಬಿನ ಚೀಲಕ್ಕೆ ಬಟ್ಟೆ ತಳ್ಳಿ ಸೂಜಿಯ ಕೆಳಗೆ ಹಾಕಿದವಳು ಈಗ ಸೂಜಿಯನ್ನೇ ಕೈಹಿಡಿದು ತಿರುಗಾಡಿಸಬೇಕು. ಪಕ್ಕದ ವಾಚ್ ರಿಪೇರಿಯವನು ಬಾಗಿಲಲ್ಲಿ ನಿಂತು, "ಅಕ್ಕಾವ್ರೆ, ಅಂಗಡಿಗೇ ರೈಲು ಬಂದಿದೆ, ಟಿಕೆಟ್ ಎಲ್ಲಿ ಕೊಡ್ತೀರಿ?" ಅಂದ. "ನಿನಗೆ ಪ್ಲಾಟ್‌ಫಾರಂ ಟಿಕೆಟ್ಟು ಸಾಕು, ಹೊರಗೇ ನಿಲ್ಲು" ಅಂದೆ.

ಅಡಿಬಟ್ಟೆಯನ್ನು ಮೇಲ್ಬಟ್ಟೆಯ ಅಳತೆಗೇ ಕತ್ತರಿಸಿದ್ದೆ. ಅದು ಸುತ್ತಲೂ ಒಂದು ನಾಲ್ಕು ಬೆರಳು ಹೆಚ್ಚಿರಬೇಕಂತೆ, ಇಲ್ಲದಿದ್ದರೆ ಅಂಚಿನ ಚಿಮಟ ಹಿಡಿಯುವುದಿಲ್ಲ. ಬೇರೆ ಬಟ್ಟೆ ಹಾಕಿದೆ. ನಮ್ಮ ಮರದ ಚೌಕಟ್ಟಿನಲ್ಲಿ ಎಳೆಯುತ್ತಿದ್ದೆವಲ್ಲ, ಬೆರಳಲ್ಲಿ ಹೊಡೆದರೆ ಡೋಲಿನ ಸದ್ದು ಬರುವವರೆಗೆ, ಹಾಗೇ ಬಿಗಿದೆ. ಎರಡನೇ ಗೆರೆಗೆ ಸೂಜಿ ಟಕ್ಕೆಂದು ಮುರಿದು ನನ್ನ ಕನ್ನಡಕಕ್ಕೆ ಬಡಿಯಿತು. ಮಿಸ್ತ್ರಿಗೆ ಫೋನ್ ಮಾಡಿದೆ.

"ಎಷ್ಟು ಬಿಗಿ ಮಾಡಿದ್ರಿ ಅಮ್ಮ?"

"ಸರಿಯಾಗೇ ಬಿಗಿದಿದೀನಿ. ಮೇಲೆ ನಾಣ್ಯ ಹಾಕಿದರೆ ಕುಣಿಯುತ್ತೆ."

"ಅಯ್ಯೋ, ಕುಣಿಯಬಾರದಮ್ಮ. ಕೆಳಗಿಂದ ಬೆರಳು ಹಾಕಿ ಹಿಡಿದ್ರೆ ಕೈಗೆ ಸಿಗೋ ಅಷ್ಟು ಸಡಿಲ ಇರಬೇಕು. ಬಿಗಿದು ಕಟ್ಟಿದ್ರೆ ಸೂಜಿ ಎಲ್ಲಿಗೆ ಹೋಗ್ಬೇಕು ಪಾಪ?"

ಜೀವನವಿಡೀ ಬಿಗಿದು ಅಭ್ಯಾಸವಾದವಳಿಗೆ ಸಡಿಲ ಬಿಡು ಅಂತಾನೆ.

ಸಡಿಲ ಬಿಟ್ಟೆ. ಸೂಜಿ ಓಡಿತು. ಮೇಲಿಂದ ನೋಡಿದರೆ ಹೊಲಿಗೆ ಮುತ್ತು ಪೋಣಿಸಿದ ಹಾಗೆ. ಆರು ಸಾಲು ಹೊಲಿದು ಬೀಗುತ್ತ ಅಡಿಗೆ ಕೈ ಹಾಕಿದರೆ ದಾರವೆಲ್ಲ ಕುಣಿಕೆ ಕುಣಿಕೆಯಾಗಿ ನೇತಾಡುತ್ತಿದೆ. ಎರಡು ಗಂಟೆ ಬಿಚ್ಚಿದೆ. ನಮ್ಮ ಚೌಕಟ್ಟಿನಲ್ಲಿ ಒಂದು ಕೈ ಮೇಲೆ, ಒಂದು ಕೈ ಕೆಳಗೆ ಇರುತ್ತಿತ್ತು. ಕೆಳಗೆ ಏನಾಗುತ್ತಿದೆ ಅಂತ ಕೈಗೇ ತಿಳಿಯುತ್ತಿತ್ತು. ಇದರಲ್ಲಿ ಎರಡು ಕೈಯೂ ಮೇಲೆ. ಕೆಳಗಿನದು ಮುಗಿದ ಮೇಲೇ ಗೊತ್ತಾಗುವುದು.

ನೀನಿದ್ದಿದ್ದರೆ ಅಡಿಯಲ್ಲಿ ತೂರಿಕೊಂಡು ಹೇಳುತ್ತಿದ್ದೆ. ಇಲ್ಲ, ಬಿಡು. ದಾರದ ಬಿಗಿ ಹೆಚ್ಚು ಮಾಡಬೇಕೋ ಕಡಿಮೆ ಮಾಡಬೇಕೋ ಅಷ್ಟು ಬರೆ. ಓದಿದವಳು ನೀನು.

ಅಕ್ಕ


ಮಾರ್ಚ್ 2

ಅಕ್ಕನಿಗೆ,

ಎರಡು ಕಾಗದವೂ ಬಂದವು. ಉದ್ದನೆ ಸ್ಕೇಲು ಹಿಂದಿನ ಕೋಣೆಯ ಬಾಗಿಲಿನ ಸಂದಿಯಲ್ಲಿದೆ. ಬಾಗಿಲು ಪೂರ್ತಿ ತೆಗೆದರೆ ಕಾಣುವುದಿಲ್ಲ, ಅರ್ಧ ಮುಚ್ಚಿ ನೋಡು.

ಅಡಿಯಲ್ಲಿ ಕುಣಿಕೆ ಬಂದರೆ ಮೇಲಿನ ದಾರ ಸಡಿಲ ಅಂತ ಅರ್ಥ. ಮೇಲಿನ ತಿರುಪನ್ನು ಸ್ವಲ್ಪ ಬಿಗಿ ಮಾಡು. ಒಂದೇ ಸಲಕ್ಕೆ ಪೂರ್ತಿ ತಿರುಗಿಸಬೇಡ. ಅಡಿದಾರ ಸುತ್ತಿದ ಬಾಬಿನ್ ಡಬ್ಬಿಯನ್ನು ಅದರ ದಾರದಿಂದಲೇ ನೇತುಹಾಕಿ ನೋಡು, ಅದು ನಿಧಾನವಾಗಿ ಇಳಿಯಬೇಕು, ಧೊಪ್ಪನೆ ಬೀಳಬಾರದು. ಕೆಳಗೆ ನೋಡಲು ನನ್ನ ಕೈಗನ್ನಡಿ ಗೂಡಿನಲ್ಲಿದೆ, ಅದನ್ನು ಹಿಡಿ. ಮೊಣಕಾಲೂರಿ ಬಗ್ಗಬೇಡ.

ಮಿಷನ್ ಹಿಡಿಯುವ ಮುಂಚೆ ಕಾಗದದ ಮೇಲೆ ಪೆನ್ಸಿಲ್ ಎತ್ತದೆ ಗೆರೆ ಎಳೆದು ಅಭ್ಯಾಸ ಮಾಡು. ಮಣಿಕಟ್ಟಿನಿಂದಲ್ಲ, ಭುಜದಿಂದ.

ನಾನು ಇಲ್ಲಿ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ಹರಿದ ಹಾಸಿಗೆ ಬಟ್ಟೆಗಳಿಗೆ ತೇಪೆ ಹಾಕುವುದು. ಕಿಟಕಿ ದೊಡ್ಡದಿದೆ. ಒಬ್ಬಳೇ ಕೂರುವುದರಿಂದ ಮೊದಮೊದಲು ಮಧ್ಯಕ್ಕೆ ಬಂದು ನಿಲ್ಲಿಸಿಬಿಡುತ್ತಿದ್ದೆ. ಈಗ ಪೂರ್ತಿ ಅಂಚಿನವರೆಗೂ ಹೊಲಿಯುತ್ತೇನೆ.

ಆ ದೋಣಿ ಕೌದಿಯನ್ನು ಟೀಚರಮ್ಮ ನಿನ್ನ ಹತ್ತಿರವೇ ಬಿಟ್ಟು ಹೋಗಿರಬೇಕು. ಅದನ್ನು ಬಿಚ್ಚಲು ಹೋಗಬೇಡ, ತೆಗೆದು ನೋಡಲೂ ಬೇಡ. ಹಾಗೇ ಸುತ್ತಿ ಬಸ್ಸಿನಲ್ಲಿ ಇಲ್ಲಿಗೆ ಕಳಿಸು. ಕೆಟ್ಟ ಭಾಗವನ್ನು ನಾನು ಬಿಚ್ಚಿ ಹೊಲಿದು ಕೊಡುತ್ತೇನೆ.

ಮಗಳು ನಿನಗೆ ನಮಸ್ಕಾರ ಹೇಳಿದ್ದಾಳೆ.

ನಿನ್ನ ತಂಗಿ


ಮಾರ್ಚ್ 24

ಎಡಚಿಗೆ,

ನೋಡಿದೆಯಾ, ಕೊನೆಗೂ ಒಪ್ಪಿಕೊಂಡೆ. ಬಿಚ್ಚಿ ಹೊಲಿದು ಕೊಡುತ್ತೇನೆ ಅಂದರೆ ಕೆಡಿಸಿದ್ದು ನಾನು ಅಂತ ತಾನೇ? ಇದನ್ನೇ ಅವತ್ತು ಮೇಜಿನ ಮುಂದೆ ಹೇಳಿದ್ದರೆ ನಾನೇನು ನಿನ್ನನ್ನು ನುಂಗುತ್ತಿದ್ದೆನೇ? ಎರಡು ಬೈದು ಸುಮ್ಮನಾಗುತ್ತಿದ್ದೆ. ನಿನ್ನ ಬಾಯಿಂದ ಒಂದು ಮಾತು ಬರಬೇಕಿತ್ತು, ಬಂತು. ನನಗೆ ಸಮಾಧಾನವಾಯಿತು. ಕೌದಿ ಕಳಿಸುತ್ತೇನೆ.

ಸ್ಕೇಲು ಸಿಕ್ಕಿತು. ಬಾಬಿನ್ ಈಗ ಸರಿಯಾಗಿ ಇಳಿಯುತ್ತದೆ. ಕನ್ನಡಿಯೂ ಸಿಕ್ಕಿತು, ಅದರ ಮೇಲೆ ನಿನ್ನ ಬೆರಳಿನ ಗುರುತಿತ್ತು, ಒರೆಸಿದೆ.

ಕಾಗದದ ಮೇಲೆ ಗೆರೆ ಹಾಕು ಅಂದೆಯಲ್ಲ, ಅದಕ್ಕೆಲ್ಲ ನನಗೆ ಪುರುಸೊತ್ತಿಲ್ಲ. ನೇರವಾಗಿ ಹಳೆಯ ಹಾಸಿಗೆ ಬಟ್ಟೆ ಎರಡು, ನಡುವೆ ಹಳೆಯ ಹತ್ತಿ ಇಟ್ಟು ಮಿಷನ್ನಿಗೇ ಹಾಕಿದೆ. ದಿನಕ್ಕೆ ಇಪ್ಪತ್ತು ಸಾಲು. ಮೊದಲ ವಾರ ಸರ್ಪ ಹೋದ ಹಾಗೆ ಹೋಯಿತು. ಎರಡನೇ ವಾರ ಭುಜ ಸಡಿಲವಾಯಿತು. ಅಲೆ ಬರುತ್ತದೆ, ಬಳ್ಳಿ ಬರುತ್ತದೆ, ಮೂಲೆಯಲ್ಲಿ ತಿರುಗಿಸುವಾಗ ನಿಲ್ಲಬಾರದು ಅಂತ ಕೈಗೆ ತಿಳಿಯಿತು. ನಿಂತರೆ ಅಲ್ಲೇ ದಾರ ಗುಡ್ಡೆಯಾಗುತ್ತದೆ. ವಾಚ್ ರಿಪೇರಿಯವನ ಹೆಂಡತಿ ಬಂದು ನೋಡಿ, "ಇಷ್ಟು ಬೇಗ ಕಲಿತ್ರಾ ಅಕ್ಕಾವ್ರೆ?" ಅಂದಳು. "ಕಲಿಯೋಕೇನು, ಕೈ ಇರಬೇಕು" ಅಂದೆ.

ಆದರೆ ಮಿಷನ್ನಿನಲ್ಲಿ ಒಂದು ದೋಷ ಇದೆ. ಅಲೆ, ಬಳ್ಳಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ನೇರ ಗೆರೆ ಹಾಕಿದರೆ ಮಾತ್ರ ಗೇಣಿಗೊಂದು ಸಲ ಹಾರುತ್ತದೆ. ಹಳಿ ಸೊಟ್ಟ ಇರಬೇಕು, ಇಲ್ಲ ಗಾಲಿಯಲ್ಲಿ ದಾರ ಸಿಕ್ಕಿಕೊಂಡಿರಬೇಕು. ಗಾಲಿ ಬಿಚ್ಚಿ ಒರೆಸಿದೆ, ಎಣ್ಣೆ ಬಿಟ್ಟೆ, ಮತ್ತೂ ಹಾರುತ್ತದೆ. ಮಿಸ್ತ್ರಿಗೆ ಹೇಳಿಕಳಿಸಿದ್ದೇನೆ. ಬರಲಿ, ಅವನಿಗಿದೆ.

ಅಕ್ಕ


ಏಪ್ರಿಲ್ 6

ಎಡಚಿಗೆ,

ಮಿಸ್ತ್ರಿ ಬಂದಿದ್ದ. ಹಳಿಗೆ ಮಟ್ಟಗೋಲು ಇಟ್ಟು ನೋಡಿದ. ಗಾಲಿ ತಿರುಗಿಸಿ ನೋಡಿದ. ಆಮೇಲೆ ತಾನೇ ಹಿಡಿ ಹಿಡಿದು ಈ ತುದಿಯಿಂದ ಆ ತುದಿಗೆ ಒಂದು ಗೆರೆ ಹೊಲಿದ. ಸ್ಕೇಲಿಟ್ಟ ಹಾಗೆ ಬಂತು.

"ಈಗ ನೀವು ಹೊಲೀರಿ ಅಮ್ಮ" ಅಂದ.

ಹೊಲಿದೆ. ಅವನು ಬಟ್ಟೆಯನ್ನು ನೋಡಲಿಲ್ಲ. ನನ್ನ ಮಣಿಕಟ್ಟನ್ನೇ ನೋಡುತ್ತಿದ್ದ. ಮುಗಿದ ಮೇಲೆ, "ಊಟ ಆಯ್ತಾ ಅಮ್ಮ?" ಅಂತ ಕೇಳಿದ. ಆಗಿದೆ ಅಂದೆ. ಸಾಮಾನು ಚೀಲಕ್ಕೆ ತುಂಬಿಕೊಂಡು ಹೋದ.

ದೋಣಿ ಕೌದಿ ಕಳಿಸುವುದಿಲ್ಲ. ಯಾಕೆ ಅಂತ ಕೇಳಬೇಡ.

ನಿನ್ನ ಆಸ್ಪತ್ರೆಯ ಕೋಣೆಯಲ್ಲಿ ಕುರ್ಚಿಗೆ ಬೆನ್ನು ಇದೆಯೇ? ಇಲ್ಲದಿದ್ದರೆ ಕೇಳಿ ತರಿಸಿಕೋ.

ಅಕ್ಕ


ಏಪ್ರಿಲ್ 28

ತಂಗಿಗೆ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಐದನೆಯದನ್ನು ಹರಿಯುವುದಿಲ್ಲ. ಹೇಗೆ ಬರುತ್ತದೋ ಹಾಗೆ ಓದು.

ಮಿಸ್ತ್ರಿ ಹೋದ ಮಾರನೇ ದಿನ ಅಂಗಡಿಯ ಬಾಗಿಲು ಮುಚ್ಚಿ ದೋಣಿ ಕೌದಿಯನ್ನು ತೆಗೆದೆ. ನೀನು ನೋಡಬೇಡ ಅಂತ ಬರೆದಿದ್ದೆ. ನೋಡಿದೆ. ಹೊಲಿಯುವಾಗ ಚೌಕಟ್ಟಿನಲ್ಲಿದ್ದ ಹಾಗೆ ಮೇಜಿನ ಮೇಲೆ ನನಗೆ ನೇರವಾಗಿ ಹಾಸಿದೆ. ದೋಣಿಗಳೆಲ್ಲ ನೆಟ್ಟಗೆ ನಿಂತಿದ್ದವು, ಹಾಯಿ ಮೇಲೆ, ಹೊಟ್ಟೆ ಕೆಳಗೆ. ಎಡಭಾಗದಲ್ಲಿ ಬೆರಳಾಡಿಸಿದೆ. ಒಂದೇ ಒಂದು ಹೊಲಿಗೆ ಆಚೀಚೆ ಇಲ್ಲ. ಬಲಭಾಗಕ್ಕೆ ಬಂದೆ. ಗೆರೆ ಗೇಣಿಗೊಂದು ಸಲ ಹಾರಿತ್ತು. ನನ್ನ ಅಭ್ಯಾಸದ ಹಳೆಯ ಬಟ್ಟೆಯನ್ನು ಮಿಷನ್ನಿನಿಂದ ಬಿಚ್ಚಿ ಪಕ್ಕದಲ್ಲಿಟ್ಟೆ. ಅದರಲ್ಲೂ ಹಾಗೇ ಹಾರಿತ್ತು. ಸ್ಕೇಲಿಟ್ಟು ಅಳೆದೆ, ಅಳತೆಯೂ ಹೆಚ್ಚುಕಡಿಮೆ ಅದೇ.

ಅವತ್ತು ಟೀಚರಮ್ಮ ಮೇಜಿನ ಆಚೆ ಕಡೆ ನಿಂತಿದ್ದರು. ಕೌದಿಯನ್ನು ತಮ್ಮ ಕಡೆಗೆ ನೇರ ಮಾಡಿ ಹಾಸಿದ್ದರು. ನಮ್ಮ ಕಡೆಯಿಂದ ದೋಣಿಗಳೆಲ್ಲ ತಲೆಕೆಳಗಾಗಿದ್ದವು. ಐವತ್ತಾರು ದೋಣಿ, ಒಂದೊಂದನ್ನೂ ನಾನೇ ಕತ್ತರಿಸಿ ಜೋಡಿಸಿದವಳು, ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ಕೆಟ್ಟ ಭಾಗ ನನ್ನ ಎಡಗಡೆ ಕಂಡಿತು, ಅಷ್ಟೇ ಸಾಕಾಯಿತು. ಸಣ್ಣ ಮಗು ನೋಡಿದ್ದರೂ ದೋಣಿ ಮುಳುಗಿದೆ ಅಂತ ಹೇಳುತ್ತಿತ್ತು. ನಾನು ನಿನ್ನ ಕಡೆ ತಿರುಗಿ ರೋಗದ ಮಾತಾಡಿದೆ.

ಟೀಚರಮ್ಮನ ಮನೆಗೆ ಹೋದೆ. ಅವರು ಒಗೆದ ಬಟ್ಟೆ ಮಡಿಸುತ್ತ ಕೂತಿದ್ದರು. ನಿಂತುಕೊಂಡೇ ಹೇಳಿದೆ, ಹೊಲಿಗೆ ಕೆಡಿಸಿದ್ದು ನನ್ನ ತಂಗಿಯಲ್ಲ, ನಾನು ಅಂತ.

"ನಾನು ಎಡ ಬಲ ಹೇಳಲೇ ಇಲ್ಲವಲ್ಲಮ್ಮ. ಸೊಟ್ಟ ಇದೆ ಅಂದೆ. ಎಡಗಡೆ ಅಂದಿದ್ದು ನೀವು."

"ಹೌದು, ನಾನೇ ಅಂದಿದ್ದು."

"ನಿಮ್ಮ ತಂಗಿಗೆ ಹೇಳಿದ್ರಾ?"

"ಇಲ್ಲ."

"ಮತ್ತೆ ನನಗ್ಯಾಕೆ ಮೊದಲು ಹೇಳ್ತಿದ್ದೀರಿ?"

ಕೂರಿ ಅಂದರು. ಕೂರಲಿಲ್ಲ, ಬಂದುಬಿಟ್ಟೆ. ಅವರಿಗೆ ಹೇಳುವುದು ಸುಲಭವಾಗಿತ್ತು, ಅದಕ್ಕೆ ಮೊದಲು ಹೇಳಿದೆ ಅಂತ ದಾರಿಯಲ್ಲಿ ತಿಳಿಯಿತು. ಅದಾಗಿ ಹನ್ನೆರಡು ದಿನ. ಇವತ್ತು ನಿನಗೆ ಹೇಳುತ್ತಿದ್ದೇನೆ.

ಡಾಕ್ಟರಿಗೂ ತೋರಿಸಿದೆ. ನರದ್ದು, ವಯಸ್ಸಿಗೆ ಬರುವಂಥದ್ದು ಅಂದ. ಮಾತ್ರೆ ಕೊಟ್ಟಿದ್ದಾನೆ. "ಯಾವಾಗಿನಿಂದ ಇದೆ?" ಅಂತ ಕೇಳಿದ. ಗೊತ್ತಿಲ್ಲ ಅಂದೆ. "ಗೊತ್ತಾಗದೆ ಹೇಗಿರುತ್ತೆ, ಹೊಲಿಗೆಯವರಲ್ವಾ ನೀವು?" ಅಂದ. ಅವನೂ ಸರಿಯಾಗಿಯೇ ಕೇಳಿದ.

ಇನ್ನೊಂದು. ನೀನು ಆರು ವರ್ಷದವಳಿದ್ದಾಗ ಎಡಗೈಯಲ್ಲಿ ಸೂಜಿ ಹಿಡಿಯಬಾರದು ಅಂತ ಆ ಕೈಯನ್ನು ಲಂಗದ ನಾಡಾದಿಂದ ಚೌಕಟ್ಟಿನ ಕಾಲಿಗೆ ಕಟ್ಟಿದ್ದು ಅಮ್ಮ ಅಂತ ನೀನು ಎಲ್ಲರಿಗೂ ಹೇಳುತ್ತೀಯ. ಅಮ್ಮ ಅಲ್ಲ. ಅಮ್ಮ ಬಿಡು ಅಂದಳು. ಕಟ್ಟಿದವಳು ನಾನು. ನಿನಗೆ ಅದು ನೆನಪಿಲ್ಲ ಅಂತ ನಾನೂ ಸುಮ್ಮನಿದ್ದೆ. ಮೊದಲಿನಿಂದಲೂ ನನಗೆ ಆ ಕೈಯ ಮೇಲೇ ಕಣ್ಣು.

ಮಾರ್ಚಿನ ಕಾಗದದಲ್ಲಿ ನೀನು ಒಪ್ಪಿಕೊಂಡೆ ಅಂತ ಹಿಗ್ಗಿ ಬರೆದೆ. ಆ ಕಾಗದವನ್ನು ಒಲೆಗೆ ಹಾಕು.

ಒಂದು ಮಾತು ಕೇಳುತ್ತೇನೆ. ದೋಣಿ ತಲೆಕೆಳಗಿರುವುದು ಅವತ್ತು ನಿನಗೆ ಕಂಡಿತ್ತೇ?

ಅಕ್ಕ


ಮೇ 9

ಅಕ್ಕನಿಗೆ,

ಕಾಗದ ಬಂತು. ಮೂರು ದಿನ ಚೀಲದಲ್ಲೇ ಇಟ್ಟುಕೊಂಡು ಕೆಲಸಕ್ಕೆ ಹೋಗಿ ಬಂದೆ.

ಕಂಡಿತ್ತು.

ನಿನಗೆ ಗೊತ್ತಿಲ್ಲದ್ದು ಇನ್ನೂ ಒಂದಿದೆ. ನಿನ್ನ ಕೈ ಹಾರಲು ಶುರುವಾಗಿ ಒಂದು ವರ್ಷದ ಮೇಲಾಯಿತು. ಮೊದಲು ನನಗೆ ಕಂಡಿದ್ದು ಹಸಿರು ಅಂಚಿನ ಕೌದಿಯಲ್ಲಿ. ಮಂಗಳವಾರ ನೀನು ಬಟ್ಟೆ ತರಲು ಹೋಗುತ್ತಿದ್ದೆಯಲ್ಲ, ಆಗ ನಿನ್ನ ಕಡೆಯ ಸಾಲುಗಳನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ನೀನು ಬರುವುದರೊಳಗೆ ಬಿಚ್ಚಿದ ದಾರವನ್ನು ಒಲೆಗೆ ಹಾಕುತ್ತಿದ್ದೆ. ದೋಣಿ ಕೌದಿ ಹೊಲಿದಷ್ಟು ದಿನವೂ ನಿನಗೆ ಮೊಣಕಾಲು ನೋವು, ನೀನು ಎಲ್ಲಿಗೂ ಹೋಗಲಿಲ್ಲ, ಬೆಂಚಿನ ಮೇಲೇ ಕೂತಿದ್ದೆ. ನನಗೆ ಮುಟ್ಟಲು ಆಗಲಿಲ್ಲ. ಅದು ಹಾಗೇ ಹೋಯಿತು. ಇಲ್ಲಿಗೆ ಕಳಿಸು ಅಂದಿದ್ದೂ ಅದಕ್ಕೇ.

ಒಂದು ವರ್ಷ ಮುಂಚೆಯೇ ಹೇಳಿದ್ದರೆ ನೀನು ಆಗಲೇ ಡಾಕ್ಟರಿಗೆ ತೋರಿಸುತ್ತಿದ್ದೆ. ಇದು ನನ್ನ ತಪ್ಪು. ಮಗಳೂ ಅದನ್ನೇ ಹೇಳಿದಳು. "ದೊಡ್ಡಮ್ಮನ್ನ ಮಗು ಥರ ನೋಡ್ಕೊಂಡೆ, ಅದಕ್ಕೇ ಹೀಗಾಯ್ತು" ಅಂದಳು.

ನಾಡಾ ಕಟ್ಟಿದ್ದು ನೀನು ಅಂತ ನನಗೆ ಗೊತ್ತು. ಗಂಟು ಹಾಕುವುದು ನಿನ್ನ ಹಾಗೆ ಯಾರಿಗೂ ಬರುವುದಿಲ್ಲ.

ಆಗಿದ್ದು ಆಯಿತು. ಬಿಡು ಅಕ್ಕ. ಮಾತ್ರೆ ತಪ್ಪಿಸಬೇಡ. ಕುರ್ಚಿಗೆ ಬೆನ್ನು ಇದೆ.

ನಿನ್ನ ತಂಗಿ


ಮೇ 16

ತಂಗಿಗೆ,

ನಿನ್ನ ಕಾಗದವನ್ನು ಓದಿ ಅಂಗಡಿಯ ಬಾಗಿಲು ಹಾಕಿದೆ. ಎರಡು ದಿನ ತೆಗೆಯಲಿಲ್ಲ. ವಾಚ್ ರಿಪೇರಿಯವನು ಬಾಗಿಲು ಬಡಿದು, "ಅಕ್ಕಾವ್ರೆ, ಬದುಕಿದ್ದೀರಾ?" ಅಂತ ಕೇಳಿದ. "ನಿನ್ನ ವಾಚಿಗಿಂತ ಚೆನ್ನಾಗೇ ಓಡ್ತಿದೀನಿ, ಹೋಗು" ಅಂದೆ. ಸುಳ್ಳು ಹೇಳಿದೆ.

ಮಂಗಳವಾರ ಸಂಜೆ ಬಟ್ಟೆ ಗಂಟು ಹೊತ್ತುಕೊಂಡು ಬಂದು ನಾನು ನಿನಗೆ ಏನು ಹೇಳುತ್ತಿದ್ದೆ, ನಿನಗೆ ನೆನಪಿಲ್ಲದಿರಬಹುದು. ನನಗಿದೆ. ಚೌಕಟ್ಟಿನ ಹತ್ತಿರ ಬಂದು ನಿನ್ನ ಕಡೆ ನೋಡಿ, "ಬೆಳಗ್ಗೆ ಬಿಟ್ಟಲ್ಲೇ ಇದೆಯಲ್ಲೇ, ದಿನವಿಡೀ ಏನು ಗೊರಕೆ ಹೊಡೆದೆಯಾ?" ಅನ್ನುತ್ತಿದ್ದೆ. ಒಂದು ವರ್ಷ, ಹೋಗಿ ಬಂದಾಗೆಲ್ಲ. ನೀನು, "ಕಣ್ಣು ಎಳೀತಿತ್ತು ಅಕ್ಕ, ನಾಳೆ ಮುಗಿಸ್ತೀನಿ" ಅನ್ನುತ್ತಿದ್ದೆ. ನನ್ನ ಸಾಲು ಬಿಚ್ಚಿ, ನನ್ನ ಸಾಲು ಹೊಲಿದು, ಸೋಮಾರಿ ಅಂತ ನನ್ನಿಂದಲೇ ಅನ್ನಿಸಿಕೊಂಡು, ಆಮೇಲೆ ನನಗೇ ಅನ್ನ ಬಡಿಸುತ್ತಿದ್ದೆ. ನಿನ್ನ ಕಾಗದ ಓದಿದ ದಿನ ತಟ್ಟೆ ಹಾಕಿಕೊಂಡು ಕೂತವಳು ಹಾಗೇ ಎದ್ದುಬಿಟ್ಟೆ. ನಿನಗೆ ಗೊತ್ತಿರಲಿ ಅಂತ ಬರೆದೆ, ಮರುಕ ಪಡು ಅಂತಲ್ಲ.

ಕೆಲಸಕ್ಕೆ ನಿನ್ನನ್ನು ಕರೆಯುತ್ತಿದ್ದೇನೆ ಅಂದುಕೊಳ್ಳಬೇಡ. ಕೆಲಸ ನಡೆಯುತ್ತಿದೆ. ಮಿಸ್ತ್ರಿ ಮತ್ತೆ ಬಂದು ಗಾಲಿಗೆ ಒಂದು ಬೀಗ ತೋರಿಸಿಕೊಟ್ಟ. ಮೊದಲ ದಿನವೇ ಹೇಳಬೇಕಿತ್ತು, ಮರೆತಿದ್ದನಂತೆ. ಅದನ್ನು ಹಾಕಿದರೆ ಮಿಷನ್ ಮೇಲಕ್ಕೂ ಹೋಗದು, ಕೆಳಕ್ಕೂ ಬರದು, ಅಡ್ಡಕ್ಕೆ ನೇರ ಓಡುತ್ತದೆ. ನನ್ನ ಕೈ ಎಷ್ಟು ಹಾರಿದರೂ ಗೆರೆ ಹಾರುವುದಿಲ್ಲ. ಟೀಚರಮ್ಮನಿಗೆ ಬೇರೆ ಕೌದಿ ಹೊಲಿದು ಕೊಟ್ಟೆ. ದೋಣಿ ಹಾಕಲಿಲ್ಲ, ಬರೀ ಪಟ್ಟೆ. ಅವರು ಕೌದಿಯನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಚೆನ್ನಾಗಿದೆ ಅಂದರು. ಎಲ್ಲ ಗೆರೆಯೂ ಒಂದೇ ಥರ ಇದೆ. ಎಲ್ಲಿ ಯಾರು ನಿಲ್ಲಿಸಿದರು, ಎಲ್ಲಿ ಯಾರು ಸೇರಿದರು ಅಂತ ಹುಡುಕಿದರೂ ಸಿಗುವುದಿಲ್ಲ. ನನಗೆ ಹಿಡಿಸಲಿಲ್ಲ.

ಅಂಗಡಿಗೆ ಬಂದ ಮೂವರು ಗಿರಾಕಿಗಳಿಗೆ ಹೇಳಿದ್ದೇನೆ, ಹೊಲಿಗೆ ಕೆಡಿಸಿದ್ದು ನಾನು, ಹೆಸರು ಕೆಡಿಸಿಕೊಂಡಿದ್ದು ತಂಗಿ ಅಂತ. ಒಬ್ಬಳು, "ಹೋಗಲಿ ಬಿಡಿ, ವಯಸ್ಸಾಯ್ತಲ್ಲ" ಅಂದಳು. ಅವಳಿಗೆ ದಿಂಬಿನ ಚೀಲ ಕೊಡಲಿಲ್ಲ, ನಾಳೆ ಬಾ ಅಂದೆ. ಎಲ್ಲರೂ ಬಿಡು ಅನ್ನುವವರೇ. ನೀನೂ ಅದನ್ನೇ ಬರೆದೆ. ಬಿಡು ಅಂತ ಬರೆದವಳು ಮೂರು ದಿನ ನನ್ನ ಕಾಗದವನ್ನು ಚೀಲದಲ್ಲಿ ಹೊತ್ತುಕೊಂಡು ಯಾಕೆ ತಿರುಗಿದೆ? ನೀನೂ ಬಿಟ್ಟಿಲ್ಲ. ನಿನ್ನ ಕೈಗನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಅದು ನನಗೆ ಕಾಣುತ್ತದೆ.

ಹುಟ್ಟಿದಾಗಿನಿಂದ ಈ ಮನೆಯಲ್ಲಿ ಬೈದಿದ್ದು ನಾನು, ಬೈಸಿಕೊಂಡಿದ್ದು ನೀನು. ಒಂದು ಸಲ ತಿರುಗಿ ಬೈದಿದ್ದರೆ ನನ್ನ ಬಾಯಿಗೂ ಒಂದು ಬೀಗ ಬೀಳುತ್ತಿತ್ತು. ನೀನು ಬೈಯಲಿಲ್ಲ, ಬಿಚ್ಚಿ ಹೊಲಿದೆ. ನನ್ನ ಕೈ ಕೆಟ್ಟಿದೆ ಅಂತ ಪರವೂರಿನ ಮಿಸ್ತ್ರಿಗೆ ಒಂದು ಗೆರೆಯಲ್ಲಿ ತಿಳಿಯಿತು, ಪಕ್ಕದಲ್ಲಿ ಕೂತ ನೀನು ವರ್ಷವೆಲ್ಲ ಮುಚ್ಚಿಟ್ಟೆ. ಅದಕ್ಕೆ ನಿನ್ನ ಮೇಲೆ ಸಿಟ್ಟೂ ಇದೆ. ಸಿಟ್ಟು ಮಾಡಿಕೊಳ್ಳುವ ಮುಖ ನನಗಿಲ್ಲ. ಎರಡನ್ನೂ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದೇನೆ.

ಕ್ಷಮಿಸು ಅಂತ ಬರೆಯುವುದು ನನಗೆ ಬರುವುದಿಲ್ಲ. ಬರೆದೂ ನೋಡಿದೆ, ಬೇರೆಯವರ ಅಂಗಿ ಹಾಕಿಕೊಂಡ ಹಾಗಾಯಿತು, ಹೊಡೆದು ಹಾಕಿದೆ. ತಪ್ಪು ನನ್ನದು. ಆ ದಿನದ್ದೂ, ಮಂಗಳವಾರಗಳದ್ದೂ, ನಾಡಾದ್ದೂ. ಇದಕ್ಕಿಂತ ನೇರವಾಗಿ ನನಗೆ ಹೇಳಲು ಬಾರದು.

ಈಗ ನಿನ್ನ ಸರದಿ. ದೋಣಿ ತಲೆಕೆಳಗಾಗಿರುವುದು ಕಂಡಿತ್ತು ಅಂತ ಬರೆದೆ. ಕಂಡೂ ಬಾಯಿ ಬಿಡದೆ ಬಸ್ಸು ಹತ್ತಿದ್ದು ಯಾಕೆ ಅಂತ ಬರೆಯಲಿಲ್ಲ. ನನಗೆ ಹೆದರಿಯೋ, ನನ್ನ ಮೇಲೆ ಕನಿಕರ ಪಟ್ಟೋ, ಇನ್ನು ಇವಳ ಸಹವಾಸ ಸಾಕು ಅಂತಲೋ? ಯಾವುದಾದರೂ ಸರಿ, ಇದ್ದದ್ದು ಇದ್ದ ಹಾಗೆ ಬರೆ. ಬೈಯುವುದಿದ್ದರೆ ಬೈದು ಬರೆ, ಹಾಳೆ ಸಾಲದಿದ್ದರೆ ಎರಡು ಹಾಳೆ ತೆಗೆದುಕೋ. ಸಾಕಾಗಿ ಹೋದೆ ಅಂತಾದರೆ ನಿನ್ನ ಪೆಟ್ಟಿಗೆ, ಬಟ್ಟೆ ಎಲ್ಲವನ್ನೂ ಬಸ್ಸಿಗೆ ಹಾಕಿ ಕಳಿಸುತ್ತೇನೆ, ಆಮೇಲೆ ನಿನ್ನ ತಂಟೆಗೆ ಬರುವುದಿಲ್ಲ. ಬೇರೆ ಏನಾದರೂ ಆಗಿದ್ದರೆ ನಾನೇ ಅಲ್ಲಿಗೆ ಬಂದು ನಿನ್ನ ಮಗಳ ಮನೆ ಬಾಗಿಲಲ್ಲಿ ನಿಲ್ಲುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನಗೆ ಬಿಟ್ಟದ್ದು.

ಬಿಡು ಅಕ್ಕ ಅಂತ ಮತ್ತೆ ಬಂದರೆ ಅದನ್ನು ಉತ್ತರ ಅಂತ ಒಪ್ಪುವುದಿಲ್ಲ. ಮೇ ಮೂವತ್ತೊಂದರೊಳಗೆ ಕಾಗದ ನನ್ನ ಕೈಯಲ್ಲಿರಬೇಕು.

ಅಕ್ಕ